ಬೆಸ್ನಾಳ ಕೊನೆಯ ನುಡಿ

"ಹಾಡು ತಾನಾಗಿಯೇ ನನ್ನ ಬಳಿ ಬಂತು" ಎಂದು ಕೊರ್ಹಾನ್ ತುನಾಲಿ ಪತ್ರಿಕೆಯವರಿಗೆ ಹೇಳಿದ. ತಾನಾಗಿ ಎಲ್ಲಿಂದ ಬರಬೇಕು? ಸೆನೆಮ್ ಓಕ್‌ಮೈದಾನಿನ ಗುಡ್ಡ ಇಳಿದು, ಎರಡು ಬಸ್ಸು ಬದಲಾಯಿಸಿ, ಹಿಮ ಕರಗಿದ ಕೆಸರಿನಲ್ಲಿ ಬೂಟು ನೆನೆಸಿಕೊಂಡು, ನಿಶಾಂತಾಶಿಯಲ್ಲಿದ್ದ ಅವನ ಮನೆಗೆ ಒಂಬತ್ತು ಸಲ ಹೊತ್ತುಕೊಂಡು ಹೋಗಿ ಕೊಟ್ಟದ್ದು ಅದು. ಕೊಡಬೇಡ ಎಂದು ಯಾರೂ ಹೇಳಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಸೆನೆಮ್ ಹನ್ನೊಂದು ವರ್ಷದಿಂದ ಇಸ್ತಾಂಬುಲ್ಲಿನ ಸ್ಟುಡಿಯೋಗಳಲ್ಲಿ ಕೋರಸ್ ಹಾಡುತ್ತಿದ್ದಳು. ಊರಿನ ಅರ್ಧದಷ್ಟು ಗಾಯಕರ ಬೆನ್ನ ಹಿಂದೆ ಅವಳ ದನಿಯಿತ್ತು. ಕವರಿನ ಮೇಲೆ ಕೋರಸ್ಸಿನವರ ಹೆಸರು ಹಾಕುವ ಪದ್ಧತಿ ಇರಲಿಲ್ಲ, ಅವಳು ಅದನ್ನು ಕೇಳಿದವಳೂ ಅಲ್ಲ. ಗಂಡ ಜರ್ಮನಿಯ ಕಾರ್ಖಾನೆಯೊಂದರಲ್ಲಿದ್ದ. ಮನೆಯಲ್ಲಿ ಅವಳು ಮತ್ತು ಅವಳ ತಾಯಿ ಬೆಸ್ನಾ, ಇಬ್ಬರೇ.

ಕೊರ್ಹಾನನನ್ನು ಗೊತ್ತಿಲ್ಲದವರು ಆಗ ಯಾರಿದ್ದರು? 'ಕಬ್ಬಿಣದ ಹಕ್ಕಿಗಳು' ಎಂಬ ರಾಕ್ ತಂಡದ ಮುಂದಾಳು. ಭುಜ ಮುಟ್ಟುವ ಕೂದಲು, ಹತ್ತು ಬೆರಳಿಗೂ ಉಂಗುರ, ಹೋದಲ್ಲೆಲ್ಲ ಕಿರುಚುವ ಹುಡುಗಿಯರು. ಒಂದು ಸಂಜೆ ಸಮುದ್ರದಂಚಿನ ರಸ್ತೆಯಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದ. ಎದ್ದು ಬರುವಾಗ ಒಂದು ಕಾಲು ಗಿಡ್ಡವಾಗಿತ್ತು, ತಂಡ ಬೇರೆ ಗಾಯಕನನ್ನು ಹುಡುಕಿಕೊಂಡಿತ್ತು. ಇನ್ನು ಒಬ್ಬನೇ ಹಾಡುತ್ತೇನೆ, ಮೊದಲನೆಯ ಹಾಡು ದೇವರದ್ದು ಎಂದು ಅವನು ಹೇಳಿದಾಗ ರೆಕಾರ್ಡು ಕಂಪನಿಯ ಮಾಲೀಕ ಮುಮ್ತಾಜ್ ಬೇ, ಎಂದರೆ ಮುಮ್ತಾಜ್ ಸಾಹೇಬ, ಹೊಟ್ಟೆ ಹಿಡಿದುಕೊಂಡು ನಕ್ಕ.

"ದೇವರ ಹಾಡು ಕೇಳೋರು ರೆಕಾರ್ಡು ಕೊಳ್ಳಲ್ಲ ಮಗನೇ, ರೆಕಾರ್ಡು ಕೊಳ್ಳೋರು ದೇವರ ಹಾಡು ಕೇಳಲ್ಲ. ಯಾರಿಗೆ ಮಾರ್ಲಿ? ದೇವರಿಗಾ?"

ಆದರೂ ಕೊರ್ಹಾನ್ ಹಠ ಬಿಡಲಿಲ್ಲ. ದಿನಾ ಕೋಲೂರಿಕೊಂಡು ಸ್ಟುಡಿಯೋಗೆ ಬರುತ್ತಿದ್ದ, ಏನೋ ಬರೆಯುತ್ತಿದ್ದ, ಹರಿದು ಹಾಕುತ್ತಿದ್ದ. ಹಾಗೆ ಒಂದು ದಿನ ಚಹಾದ ಹೊತ್ತಿನಲ್ಲಿ ಸೆನೆಮ್ ಬೇರೆ ಯಾರದೋ ರೆಕಾರ್ಡಿಂಗಿನ ನಡುವೆ ಕಿಟಕಿಯ ಹತ್ತಿರ ನಿಂತು, ಗಾಜಿನ ಲೋಟದಿಂದ ಕೈ ಬಿಸಿ ಮಾಡಿಕೊಳ್ಳುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಹಿಂದೆ ಕೋಲಿನ ಸದ್ದು ನಿಂತಿತು. ಕೊರ್ಹಾನ್ ಅವಳನ್ನು ಅಕ್ಕ ಎಂದು ಕರೆದು ಕೇಳಿದ:

"ಅಬ್ಲಾ, ಅದೇನದು?"

"ಏನಿಲ್ಲ ಬೇ. ನಮ್ಮಮ್ಮಂದು."

"ಅಮ್ಮ ಹಾಡ್ತಾರಾ?"

"ಹಾಡೋದೂ ಅಮ್ಮಾನೇ, ಕಟ್ಟಿದ್ದೂ ಅಮ್ಮಾನೇ."

"ಇನ್ನೊಂದ್ಸಲ ಹಾಡ್ತೀಯಾ? ನಿನ್ನ ದಮ್ಮಯ್ಯ."

ಅವಳು ಹಾಡಿದಳು. ಮುಗಿಯುವಾಗ ಕೊರ್ಹಾನ್ ರೇಡಿಯೇಟರಿನ ಪಕ್ಕ ನೆಲದ ಮೇಲೇ ಕೂತಿದ್ದ, ಉಂಗುರಗಳ ಕೈಯಿಂದ ಮುಖ ಮುಚ್ಚಿಕೊಂಡು. ಧ್ವನಿ ಮುದ್ರಿಸುವ ನಿಶಾನ್ ಉಸ್ತಾ ಗಾಜಿನ ಆಚೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಅರ್ಮೇನಿಯನ್ ಮುದುಕ, ನಲವತ್ತು ವರ್ಷದಿಂದ ಇದೇ ಕೆಲಸ. ಯಾರ ಹಾಡಿಗೂ ಎದ್ದು ಬರುವವರಲ್ಲ.

ಆ ಹಾಡಿನ ಹುಟ್ಟು ಹೀಗೆ. ದಿವ್ರಿಯಿಯ ಬೆಟ್ಟಗಳ ಆಚೆ, ಹಾಡಿನಲ್ಲೇ ದೇವರನ್ನು ನೆನೆಯುವ ಮುಸ್ಲಿಮ್ ಪಂಗಡವಾದ ಅಲೆವಿಗಳ ಒಂದು ಹಳ್ಳಿಯಲ್ಲಿ ಬೆಸ್ನಾ ಒಂದೇ ಚಳಿಗಾಲದಲ್ಲಿ ಮೂರು ಮಕ್ಕಳನ್ನು ಗಂಟಲಮಾರಿಗೆ ಕಳೆದುಕೊಂಡಳು. ಆಮೇಲೆ ಎರಡು ವರ್ಷ ಅವಳು ದೇವರ ಜತೆ ಮಾತು ಬಿಟ್ಟಳು. ಗಂಡಸರು ಹೆಂಗಸರು ಒಂದೇ ಸುತ್ತಿನಲ್ಲಿ ಕೂತು ಉದ್ದ ಕತ್ತಿನ ತಂತಿವಾದ್ಯ ಸಾಜ್ ನುಡಿಸಿ ಹಾಡುವ ಅವರ ಜೆಮ್ ಕೂಟಕ್ಕೆ ಗಂಡನ ಜತೆ ಹೋಗುತ್ತಿದ್ದಳು, ಆದರೆ ತುಟಿ ಬಿಚ್ಚುತ್ತಿರಲಿಲ್ಲ. ಹಿರಿಯರು ಬಲವಂತ ಮಾಡಲಿಲ್ಲ. ಮೂರನೆಯ ವರ್ಷದ ಒಂದು ಗುರುವಾರ, ಗಂಡನ ಸಾಜ್ ಎತ್ತಲೋ ಹೋಗುತ್ತಿದ್ದಾಗ, ಬೆಸ್ನಾ ನಡುವೆ ಬಾಯಿ ತೆರೆದಳು. ಸೆನೆಮ್ ಆಗಿನ್ನೂ ಹುಟ್ಟಿರಲಿಲ್ಲ.

*ಚಿಲಕವಿಲ್ಲದ ಬಾಗಿಲು ನನ್ನದು, ಬಾ ಒಳಗೆ,*
*ಕಸ ಗುಡಿಸಿ ಕಾದಿದ್ದೇನೆ, ಬಾ ಒಳಗೆ.*

*ಮೂರು ದೀಪ ಕೊಟ್ಟೆ, ಮೂರನ್ನೂ ನೀನೇ ಊದಿದೆ,*
*ಊದಿದ ಬಾಯಿ ಯಾವುದು, ತೋರಿಸು ಬಾ ಒಳಗೆ.*

*ಪರದೇಶಿ ಬೆಸ್ನಾ ಅಂದಳು: ಸಾಕು ಈ ಜಗಳ,*
*ನಾನು ನಿನ್ನ ಕ್ಷಮಿಸಿದೆ, ಕೂತು ಉಣ್ಣು ಬಾ ಒಳಗೆ.*

ಕಟ್ಟಿದವರ ಅಂಕಿತ ಕೊನೆಯ ನುಡಿಯಲ್ಲಿ ಬರುವುದು ಅವರಲ್ಲಿ ಕ್ರಮ. ನೂರಾರು ವರ್ಷದ ಹಿಂದೆ ಸತ್ತವರ ಹಾಡನ್ನು ಹಾಡುವಾಗಲೂ ಆ ಹೆಸರು ಬಂದ ಕೂಡಲೇ ಕೂಟದವರು ಎದೆಯ ಮೇಲೆ ಕೈ ಇಡುತ್ತಾರೆ. ಬೆಸ್ನಾಳಿಗೆ ಓದು ಬರಹ ಬರುತ್ತಿರಲಿಲ್ಲ. ಅವಳು ಕಟ್ಟಿದ್ದು ಒಟ್ಟು ಆರೇಳು ಹಾಡು, ಅವುಗಳಲ್ಲಿ ಬೆಟ್ಟ ದಾಟಿ ನಾಲ್ಕೈದು ಹಳ್ಳಿ ಸುತ್ತಿದ್ದು ಇದೊಂದೇ.

ಕೊರ್ಹಾನ್ ಕೇಳುತ್ತಿದ್ದಾನೆ ಎಂದು ಸೆನೆಮ್ ಹೇಳಿದಾಗ ಬೆಸ್ನಾ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅವನಿಗ್ಯಾಕಂತೆ?"

"ಸತ್ತು ಬದುಕಿದಾನಂತೆ ಅಮ್ಮ. ದೇವರಿಗೆ ಹಾಡ್ಬೇಕಂತೆ, ಬಾಯಲ್ಲಿ ಮಾತೇ ಹುಟ್ತಿಲ್ವಂತೆ."

"ಸಾವನ್ನ ನೋಡಿದೋನಾದ್ರೆ ಹಾಡ್ಲಿ." ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು. "ಪೂರ್ತಿ ಹಾಡ್ಲಿ, ಅಷ್ಟೇ."

ಒಂಬತ್ತು ದಿನ ಸೆನೆಮ್ ಕಲಿಸಿದಳು. ಅವನು ಒಳ್ಳೆಯ ಶಿಷ್ಯ ಎಂಬುದನ್ನು ಅವಳು ಆಮೇಲೂ ಅಲ್ಲಗಳೆಯಲಿಲ್ಲ. ದನಿ ಎಲ್ಲಿ ಒಡೆಯಬೇಕು, ಎಲ್ಲಿ ಒಡೆಯಬಾರದು ಎಂದು ಒಂದು ಸಲ ಹೇಳಿದರೆ ಸಾಕಿತ್ತು. ಎರಡನೆಯ ನುಡಿಗೆ ಬಂದಾಗಲೆಲ್ಲ ಅಳುತ್ತಿದ್ದ. ಮನೆಗೆಲಸದಾಕೆ ತರುತ್ತಿದ್ದ ಬಿಸ್ಕತ್ತು ತಟ್ಟೆಯಲ್ಲೇ ಮೆತ್ತಗಾಗುತ್ತಿತ್ತು. ಒಂಬತ್ತನೆಯ ದಿನ ಅವಳು ಹೊರಡುವ ಮುಂಚೆ ಹೇಳಿದಳು:

"ಕೊರ್ಹಾನ್ ಬೇ, ಒಂದೇ ಮಾತು. ಕೊನೇ ನುಡಿ ಬಿಡಬಾರದು. ಅದರಲ್ಲಿ ಅಮ್ಮನ ಹೆಸರಿದೆ."

"ಬಿಡೋದುಂಟಾ ಅಬ್ಲಾ!" ಅವನು ಎದೆಯ ಮೇಲೆ ಕೈ ಇಟ್ಟ. "ನನ್ನ ಎದೇನೇ ಕಿತ್ತಿಟ್ಟ ಹಾಗಾಗುತ್ತೆ."

ಫೆಬ್ರವರಿಯ ಕೊನೆಯ ವಾರ ರೆಕಾರ್ಡಿಂಗು. ಕೋರಸ್ಸಿಗೆ ಸೆನೆಮ್, ಪೆರಿಹಾನ್ ಎಂಬ ಇನ್ನೊಬ್ಬಳು, ಮತ್ತೊಂದು ಹೊಸ ಹುಡುಗಿ. ಕೊರ್ಹಾನನ ಭಾಗ ಹಿಂದಿನ ದಿನವೇ ಮುಗಿದಿತ್ತು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮೂವರೂ ನಿಂತರು. ಗಿಟಾರು ಬಂತು, ತಬಲದಂಥ ಏನೋ ಬಂತು, ಹತ್ತಾರು ಪಿಟೀಲು ಬಂದವು. ಆಮೇಲೆ ಅವನ ದನಿ. ಸೆನೆಮ್‌ಗೆ ಮೈ ಜುಮ್ಮೆಂದಿತು. ಅಮ್ಮನ ಹಾಡು ಇಷ್ಟು ದೊಡ್ಡದಾಗಿ ಕೇಳಬಹುದೆಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಮೊದಲ ನುಡಿ, ಎರಡನೆಯ ನುಡಿ. ಮೂರನೆಯದು ಈಗ ಬರುತ್ತದೆ ಎಂದು ಅವಳು ಕೈಯನ್ನು ಎದೆಯತ್ತ ಒಯ್ದಳು.

ಬರಲಿಲ್ಲ. ಪಿಟೀಲುಗಳು ಏರುತ್ತಾ ಹೋದವು. ಅವಳೆದುರಿನ ಕಾಗದದಲ್ಲಿ ಅಲ್ಲಿ ಬರೆದಿದ್ದದ್ದು: 'ಕೋರಸ್ — ಅಲ್ಲಾ, ಅಲ್ಲಾ, ಇಪ್ಪತ್ತನಾಲ್ಕು ಸಲ.'

ಪೆರಿಹಾನ್ ಮತ್ತು ಹೊಸ ಹುಡುಗಿ ಹಾಡತೊಡಗಿದರು. ಸೆನೆಮ್ ಹೆಡ್‌ಫೋನು ತೆಗೆದು ಸ್ಟ್ಯಾಂಡಿಗೆ ನೇತು ಹಾಕಿದಳು. ನಿಶಾನ್ ಉಸ್ತಾ ಟೇಪು ನಿಲ್ಲಿಸಿದರು. ಅವಳು ನೇರವಾಗಿ ಗಾಜಿನ ಕೋಣೆಗೆ ನಡೆದಳು. ಅಲ್ಲಿ ಕೊರ್ಹಾನ್, ಅವನ ಪಕ್ಕ ಸಿಗಾರು ಹಿಡಿದ ಮುಮ್ತಾಜ್ ಬೇ.

"ಮೂರನೇ ನುಡಿ ಎಲ್ಲಿ?"

"ಏನಮ್ಮಾ, ನೀನು ಹಾಡೋಕೆ ಬಂದಿದೀಯೋ, ಲೆಕ್ಕ ಕೇಳೋಕೋ?" ಎಂದ ಮುಮ್ತಾಜ್ ಬೇ.

"ಕೊರ್ಹಾನ್ ಬೇ, ನಿಮ್ಮನ್ನ ಕೇಳ್ತಿರೋದು. ಎಲ್ಲಿ?"

ಕೊರ್ಹಾನ್ ತನ್ನ ಉಂಗುರಗಳನ್ನು ನೋಡಿಕೊಳ್ಳುತ್ತಿದ್ದ. ಉತ್ತರ ಕೊಟ್ಟವನು ಮುಮ್ತಾಜ್ ಬೇಯೇ.

"ನೋಡು, ಚಿಕ್ಕ ರೆಕಾರ್ಡಿನ ಒಂದು ಬದಿ ಹಿಡಿಯೋದು ಮೂರೂವರೆ ನಿಮಿಷ. ಅದು ಒಂದು. ಎರಡನೇದು, ದೇವರನ್ನ ಕ್ಷಮಿಸಿದೀನಿ ಅಂತ ಹಾಡಿದರೆ ರೇಡಿಯೋದವರು ಮುಟ್ತಾರಾ? ನಾಳೆ ಬೆಳಿಗ್ಗೆ ಯಾರಾದ್ರೂ ನನ್ನ ಅಂಗಡಿಗೆ ಬೆಂಕಿ ಇಟ್ರೆ? ದೇವರನ್ನ ಕ್ಷಮಿಸೋಕೆ ಅವಳ್ಯಾರು?"

"ಮೂರು ಮಕ್ಕಳನ್ನ ಮಣ್ಣು ಮಾಡಿದೋಳು. ಅವಳಲ್ದೆ ಇನ್ಯಾರು ಕ್ಷಮಿಸ್ಬೇಕು? ನೀವಾ?"

"ಅಯ್ಯೋ, ಹಳ್ಳಿ ಹಾಡುಗಳೇ ಹೀಗೆ. ಯಾವ ಕಾಲದ್ದೋ, ಯಾರು ಕಟ್ಟಿದ್ದೋ, ಯಾರಿಗ್ಗೊತ್ತು?"

"ನನಗ್ಗೊತ್ತು!" ಸೆನೆಮ್‌ಳ ದನಿ ಗಾಜಿಗೆ ಬಡಿದು ವಾಪಸು ಬಂತು. "ಕಟ್ಟಿದೋಳು ನಿನ್ನೆ ಸಂಜೆ ನನ್ನ ಜತೆ ಕೂತು ಬುಲ್ಗುರ್ ತಿಂದಳು. ಉಪ್ಪು ಕಮ್ಮಿ ಅಂತ ಬೈದಳು. ಯಾವ ಕಾಲದ್ದೋ ಅಂತೀರಲ್ಲ, ನಾಚ್ಕೆ ಆಗಲ್ವಾ?"

ಆಗ ಕೊರ್ಹಾನ್ ಬಾಯಿ ಬಿಟ್ಟ. ಮೆಲ್ಲಗೆ, ಕಾಯಿಲೆಯವರನ್ನು ಸಮಾಧಾನ ಮಾಡುವ ಹಾಗೆ. "ಅಬ್ಲಾ, ಸ್ಟೇಜಿನ ಮೇಲೆ ಪೂರ್ತಿ ಹಾಡ್ತೀನಿ. ಮಾತು ಕೊಡ್ತೀನಿ. ರೆಕಾರ್ಡು ಬರೀ ರೆಕಾರ್ಡು."

"ನೀವು ಮಾತು ಕೊಟ್ಟಾಗಿದೆ ಬೇ. ಒಂದ್ಸಲ ಕೊಟ್ಟಿದ್ದನ್ನ ಎಷ್ಟು ಸಲ ಕೊಡ್ತೀರಿ?"

ಕೋಟು ಎತ್ತಿಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ ಮೇಲಿಂದ ಇಪ್ಪತ್ತನಾಲ್ಕು ಸಲದ ಆ 'ಅಲ್ಲಾ' ಕೇಳಿಸತೊಡಗಿತು, ಎರಡೇ ದನಿಯಲ್ಲಿ. ಪೆರಿಹಾನ್ ಸೆನೆಮ್‌ಳ ಪಾಲನ್ನೂ ಸೇರಿಸಿ ಹಾಡುತ್ತಿದ್ದಳು.

ಏಪ್ರಿಲಿನಲ್ಲಿ ರೆಕಾರ್ಡು ಹೊರಬಂತು. ಹೆಸರು 'ಬಾ ಒಳಗೆ'. ನಡುವಿನ ದುಂಡನೆಯ ಚೀಟಿಯ ಮೇಲೆ 'ಪದ, ಸಂಗೀತ: ಕೊರ್ಹಾನ್ ತುನಾಲಿ'. ಒಂದು ತಿಂಗಳಲ್ಲಿ ಅದು ಹೊಕ್ಕದ ಜಾಗವಿಲ್ಲ. ಹಡಗಿನ ಕ್ಯಾಂಟೀನು, ಕ್ಷೌರದಂಗಡಿ, ಡೋಲ್ಮುಷ್ ಎಂಬ ಶೇರ್ ಟ್ಯಾಕ್ಸಿಗಳು, ಮದುವೆ ಮಂಟಪ, ಎಲ್ಲೆಲ್ಲೂ. ಕಾಲೇಜಿನ ಹುಡುಗರು ಕಣ್ಣು ಮುಚ್ಚಿಕೊಂಡು ತೂಗಾಡಿದರು. ಮಸೀದಿಗೂ ಹೋಗದ, ಜೆಮ್ಮಿಗೂ ಹೋಗದ ಜನ ಅದನ್ನು ಕೇಳಿ, ನಮಗೂ ಭಕ್ತಿ ಬಂತು ಎಂದರು. ಆಸ್ಪತ್ರೆಯ ಹಾಸಿಗೆಯಲ್ಲಿ, ಸಾವಿನ ಬಾಗಿಲಲ್ಲಿ, ಒಂದು ಬೆಳಕು ಈ ಪದಗಳನ್ನು ಕೊರ್ಹಾನನ ಕಿವಿಯಲ್ಲಿ ಹೇಳಿತು ಎಂದು ಒಂದು ವಾರಪತ್ರಿಕೆ ಬರೆಯಿತು. ಮೂರು ದೀಪ ಎಂದರೆ ನಂಬಿಕೆ, ಪ್ರೀತಿ, ಸಂಗೀತ ಎಂದು ಇನ್ನೊಂದು ಪತ್ರಿಕೆ ಅರ್ಥ ಬಿಡಿಸಿತು. ಅದನ್ನು ಓದಿದ ದಿನ ಸೆನೆಮ್ ಪತ್ರಿಕೆಯನ್ನು ಮುದುರಿ ಒಲೆಗೆ ಹಾಕಿದಳು. ಸ್ಟುಡಿಯೋಗಳಿಂದ ಅವಳಿಗೆ ಕರೆ ಬರುವುದು ನಿಂತಿತ್ತು. 'ದನಿ ಒಳ್ಳೇದು, ಬಾಯಿ ಜಾಸ್ತಿ' ಎಂದು ಮುಮ್ತಾಜ್ ಬೇ ನಾಲ್ಕು ಕಡೆ ಹೇಳಿದ್ದ. ಅವಳು ಮದುವೆ ಮಂಟಪಗಳಲ್ಲಿ ಹಾಡತೊಡಗಿದಳು. ಅಲ್ಲಿಯೂ ಜನ ಕೇಳುತ್ತಿದ್ದದ್ದು ಅದನ್ನೇ.

ಬೆಸ್ನಾಳಿಗೆ ಕೇಳಿಸಬಾರದೆಂದು ಮಗಳು ರೇಡಿಯೋ ಹಚ್ಚುತ್ತಿರಲಿಲ್ಲ. ಆದರೆ ಗುಡ್ಡದ ಮೇಲಿನ ಮನೆಗಳಿಗೆ ಗೋಡೆ ಒಂದೇ. ಪಕ್ಕದ ಮನೆಯವರು ಹಚ್ಚಿದರು. ಬೆಸ್ನಾ ಅಂಗಳದಲ್ಲಿ ಕಂಬಳಿ ಒಗೆಯುತ್ತಿದ್ದವಳು, ಬಡಿಗೆ ಕೆಳಗಿಟ್ಟು ಕಡೆಯ ತನಕ ಕೇಳಿದಳು. ಒಳಗೆ ಬಂದಾಗ ಅವಳ ಮುಖ ನೋಡಿ ಸೆನೆಮ್ ಹೆದರಿದಳು.

"ಚೀಟಿ ಮೇಲೆ ನಿನ್ನ ಹೆಸರೂ ಇಲ್ಲ ಅಮ್ಮ" ಎಂದು ತಪ್ಪೊಪ್ಪಿಗೆಯ ಹಾಗೆ ಹೇಳಿಬಿಟ್ಟಳು. "ಅವನದೇ ಹಾಕ್ಕೊಂಡಿದಾನೆ."

"ಚೀಟಿ ಹಾಳಾಗ್ಲಿ, ನನಗೆ ಓದೋಕೆ ಬರುತ್ತಾ?" ಬೆಸ್ನಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿದಳು. "ಊದಿದ ಬಾಯಿ ತೋರಿಸು ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದಾನಲ್ಲ! ನಾನು ಎದ್ದು ಬಂದಾಯ್ತು, ಮೂವತ್ತೈದು ವರ್ಷ ಆಯ್ತು. ಇವನು ನನ್ನನ್ನ ಎಳ್ಕೊಂಡು ಹೋಗಿ ಮತ್ತೆ ಆ ಚಳಿಗಾಲದಲ್ಲೇ ಕೂರಿಸಿದಾನೆ. ಎಲ್ಲಿದೆ ಅವನ ಮನೆ? ನಡಿ."

ಹೇಗೆ ತಡೆದರೂ ಕೇಳಲಿಲ್ಲ. ಹಬ್ಬಕ್ಕೆ ತೆಗೆದಿಡುವ ಬಿಳಿಯ ತಲೆವಸ್ತ್ರ ಕಟ್ಟಿಕೊಂಡು, ಕೈಯಲ್ಲಿ ಒಂದು ಗಂಟು ಒಣ ಮಲ್ಬೆರಿ ಹಿಡಿದುಕೊಂಡು ಹೊರಟಳು. ಬೈಯಲು ಹೋಗುತ್ತಿದ್ದರೂ ಬರಿಗೈಯಲ್ಲಿ ಹೋಗಬಾರದೆಂಬುದು ಅವಳ ಲೆಕ್ಕ.

ಕೊರ್ಹಾನ್ ಬಾಗಿಲು ತೆರೆದವನೇ ಸೆನೆಮ್‌ಳನ್ನು ನೋಡಿ ಬಿಳಿಚಿಕೊಂಡ. ಪಕ್ಕದಲ್ಲಿದ್ದ ಮುದುಕಿ ಯಾರೆಂದು ತಿಳಿದಾಗ ಕೋಲನ್ನು ಬಿಟ್ಟು, ಕಷ್ಟಪಟ್ಟು ಬಗ್ಗಿ, ಅವಳ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡ. ಬೆಸ್ನಾ ಅವನ ಗಿಡ್ಡ ಕಾಲನ್ನು ನೋಡಿದಳು.

"ನೋವಿದೆಯಾ ಮಗಾ?"

"ಮಳೆ ಬಂದಾಗ ಇರುತ್ತೆ ಅನಾ" ಎಂದ, ತನ್ನ ತಾಯಿಯನ್ನು ಕರೆಯುವ ಹಾಗೆ.

"ಕೂತ್ಕೋ. ಹಾಡು, ಕೇಳೋಣ."

ಅವನು ಗಿಟಾರು ತಂದು ಹಾಡಿದ. ಪಿಟೀಲುಗಳಿಲ್ಲದೆ ಅವನ ದನಿ ಇನ್ನೂ ಚೆನ್ನಾಗಿತ್ತು. ಎರಡನೆಯ ನುಡಿ ಮುಗಿಸಿ ಅಭ್ಯಾಸಬಲದಿಂದ ನಿಲ್ಲಿಸಿದ. ಬೆಸ್ನಾ ಕಾದಳು.

"ಮುಂದೆ?"

ಅವನು ಗಿಟಾರನ್ನು ಪಕ್ಕಕ್ಕಿಟ್ಟ.

"ನೋಡು ಕಂದಾ. ಎರಡು ವರ್ಷ ನಾನು ಅವನ ಹತ್ರ ಮಾತು ಬಿಟ್ಟಿದ್ದೆ. ಮೂರನೇ ನುಡಿ ಬಾಯಿಗೆ ಬಂದ ದಿನ ನಮ್ಮಿಬ್ಬರಿಗೂ ರಾಜಿ ಆಯ್ತು. ಆಮೇಲೇ ಈ ಹುಡುಗಿ ಹುಟ್ಟಿದ್ದು. ನೀನು ಈಗ ಊರೂರಿಗೆ ಹೋಗಿ, ಬೆಸ್ನಾ ಇನ್ನೂ ಜಗಳ ಆಡ್ತಿದಾಳೆ ಅಂತ ಸಾರ್ಕೊಂಡು ಬಂದಿದೀಯ. ಹಾಗೆ ಮಾಡ್ಬಹುದಾ? ದೇವರ ಮುಂದೆ ನನ್ನ ಮರ್ಯಾದೆ ಏನಾಯ್ತು?"

ಕೊರ್ಹಾನ್ ಬಿಕ್ಕಿ ಬಿಕ್ಕಿ ಅತ್ತ. ಬೆಸ್ನಾ ಅವನ ತಲೆ ಸವರಿದಳು. ಸೆನೆಮ್ ಮಾತ್ರ ಕಿಟಕಿಯ ಹತ್ತಿರ ನಿಂತೇ ಇದ್ದಳು. ಈ ಕಣ್ಣೀರನ್ನು ಅವಳು ಒಂಬತ್ತು ದಿನ ನೋಡಿದ್ದಳು. ಜೂನಿನ ಮೊದಲ ಭಾನುವಾರ, ಬೇಯೋಗ್ಲುವಿನ ದೊಡ್ಡ ಸಿನಿಮಾ ಹಾಲಿನಲ್ಲಿ ತನ್ನ ಮಧ್ಯಾಹ್ನದ ಕಾರ್ಯಕ್ರಮವಿದೆ, ಅಲ್ಲಿ ಮೂರೂ ನುಡಿ ಹಾಡುತ್ತೇನೆ, ನೀವಿಬ್ಬರೂ ಮುಂದೆ ಕೂತು ಕೇಳಬೇಕು ಎಂದು ಅವನು ಹೇಳಿದ. ಹೊರಗೆ ಬಂದ ಮೇಲೆ ಬೆಸ್ನಾ ಅಂದಳು, "ಹುಡುಗ ಕೆಟ್ಟೋನಲ್ಲ." ಸೆನೆಮ್ ಅಂದಳು, "ಕೆಟ್ಟೋನಾಗಿದ್ರೆ ಚೆನ್ನಾಗಿತ್ತು, ನಂಬ್ತಿರ್ಲಿಲ್ಲ."

ಭಾನುವಾರ ಸಭಾಂಗಣ ತುಂಬಿ ತುಳುಕುತ್ತಿತ್ತು. ಮೂರನೆಯ ಸಾಲಿನಲ್ಲಿ ಗಂಟೆ ಬಾಯಿಯ ಪ್ಯಾಂಟಿನ ಹುಡುಗರು, ಕಣ್ಣಿಗೆ ನೀಲಿ ಬಳಿದುಕೊಂಡ ಹುಡುಗಿಯರು, ಅವರ ನಡುವೆ ಬಿಳಿಯ ತಲೆವಸ್ತ್ರದ ಬೆಸ್ನಾ. ಪಕ್ಕದ ಹುಡುಗಿ ಸೂರ್ಯಕಾಂತಿ ಬೀಜದ ಪೊಟ್ಟಣ ಚಾಚಿದಳು, ಬೆಸ್ನಾ ನಾಲ್ಕು ಕಾಳು ತೆಗೆದುಕೊಂಡಳು. ಗಲಾಟೆಯ ಹಾಡುಗಳೆಲ್ಲ ಮುಗಿದ ಮೇಲೆ ದೀಪ ಸಣ್ಣದಾಯಿತು. ಕೊರ್ಹಾನ್ ಬಿಳಿಯ ಉದ್ದ ಅಂಗಿ ತೊಟ್ಟು ಬಂದು ಮೈಕಿನ ಮುಂದೆ ನಿಂತ.

"ಈ ಹಾಡನ್ನ ಇವತ್ತು ಮೊದಲ ಸಲ ಪೂರ್ತಿ ಹಾಡ್ತೀನಿ" ಎಂದ. "ಇದಕ್ಕೊಂದು ಮೂರನೇ ನುಡಿ ಇದೆ. ಅದನ್ನ ಹಾಡೋಕೆ ಧೈರ್ಯ ಬೇಕಿತ್ತು. ಈಗ ಬಂದಿದೆ."

ಸೆನೆಮ್ ತಾಯಿಯ ಕೈ ಹಿಡಿದುಕೊಂಡಳು. ಮೊದಲ ನುಡಿ, ಎರಡನೆಯ ನುಡಿ. ಬೆಸ್ನಾಳ ಬಲಗೈ ಎದೆಯ ಮೇಲೆ ಬಂತು. ಕೊರ್ಹಾನ್ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಹಾಡಿದ:

*ಪರದೇಶಿ ಕೊರ್ಹಾನ್ ಅಂದನು: ಸಾಕು ಈ ಜಗಳ,*
*ನಾನು ನಿನ್ನ ಕ್ಷಮಿಸಿದೆ...*

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಸಭೆಗೆ ಸಭೆಯೇ ಎದ್ದು ನಿಂತಿತ್ತು. ಪಕ್ಕದ ಹುಡುಗಿ ಅಳುತ್ತ ಬೀಜದ ಪೊಟ್ಟಣ ಕೆಳಗೆ ಚೆಲ್ಲಿದಳು.

"ಏನಂದ ಅವನು?" ಬೆಸ್ನಾ ಮಗಳ ತೋಳು ಎಳೆದಳು. "ನನ್ನ ಕಿವಿ ಸರಿ ಇಲ್ವಾ?"

"ಸರಿ ಇದೆ ಅಮ್ಮ."

"ಅವನ ಹೆಸರು ಹಾಕಿದ್ನಾ?"

"ಹೂಂ."

ಮುದುಕಿ ನಿಜವಾಗಿಯೂ ಗೊತ್ತಾಗದೆ ಕೇಳಿದಳು:

"ಅವನ ಮಕ್ಕಳು ಯಾರು ಸತ್ತರು?"

ಸೆನೆಮ್ ತಾಯಿಯನ್ನು ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿ, ತಡೆಯಲು ಬಂದ ಇಬ್ಬರು ಗಂಡಸರನ್ನು ಮೊಣಕೈಯಿಂದ ತಳ್ಳಿ, ವೇದಿಕೆಯ ಹಿಂದಿನ ಕೋಣೆಗೆ ನುಗ್ಗಿದಳು. ಕೊರ್ಹಾನ್ ಬೆವರು ಒರೆಸಿಕೊಳ್ಳುತ್ತಿದ್ದ. ಅವಳನ್ನು ನೋಡಿ ಮುಖ ಅರಳಿಸಿ ಎರಡೂ ತೋಳು ಚಾಚಿದ.

"ಅಬ್ಲಾ! ಕೇಳಿದ್ಯಾ? ಅನಾ ಏನಂದ್ರು?"

ಅವನ ಮುಖದಲ್ಲಿ ಕಪಟವೇ ಇರಲಿಲ್ಲ. ಅದೇ ಅವಳ ಮೈ ಉರಿಸಿತು.

"ಯಾರ ಹೆಸರು ಹಾಕಿದಿರಿ ಅಲ್ಲಿ?"

"ನಂದು. ಅದೇ ಅಲ್ವಾ ಕ್ರಮ? ಕೊನೇ ನುಡೀಲಿ ಹಾಡೋನು ತನ್ನ ಹೆಸರು ಹಾಕ್ಕೋತಾನೆ. ಯೂನಿವರ್ಸಿಟಿಯ ಒಬ್ಬ ಪ್ರೊಫೆಸರನ್ನ ವಿಚಾರಿಸ್ದೆ..."

"ಕಟ್ಟಿದೋರು ಹಾಕ್ತಾರೆ! ಹಾಡೋರಲ್ಲ! ನಮ್ಮೂರಲ್ಲಿ ಕುರಿ ಕಾಯೋರಿಗೂ ಅದು ಗೊತ್ತು. ಒಂಬತ್ತು ದಿನ ನಾನೇ ಬಂದಿದ್ದೆನಲ್ಲ, ನನ್ನನ್ನ ಕೇಳೋಕೆ ಏನಾಗಿತ್ತು? ಪ್ರೊಫೆಸರೇ ಬೇಕಾಯ್ತಾ?"

"ಅಬ್ಲಾ, ನನಗೂ ಅನ್ನಿಸಿದ್ದು ಅದೇ. ನಾನೂ ಸಾವಿನ ಹತ್ರ..."

"ಮೂರು ದೀಪ ಅಂದ್ರಲ್ಲ. ಅವುಗಳ ಹೆಸರು ಹೇಳಿ."

ಅವನು ಚಾಚಿದ್ದ ತೋಳು ಇಳಿಸಿದ. ಕೋಣೆಯಲ್ಲಿದ್ದ ಗಿಟಾರಿನವನು, ಡ್ರಮ್ಮಿನವನು, ಹೂಗುಚ್ಛ ಹಿಡಿದು ನಿಂತಿದ್ದ ಯಾರದೋ ಹೆಂಡತಿ, ಎಲ್ಲರೂ ಅವನತ್ತ ತಿರುಗಿದರು.

"ಗೊತ್ತಿಲ್ಲ ನಿಮಗೆ. ಹಾಡಿ ಹಾಡಿ ಊರನ್ನೆಲ್ಲ ಅಳಿಸಿದಿರಿ, ಅವರ ಹೆಸರೇನು ಅಂತ ಒಂದು ದಿನ ಕೇಳಿಲ್ಲ. ಹಸ್ಕಾರ್, ನಾಲ್ಕು ವರ್ಷ. ಮುರ್ತಜಾ, ಎರಡು ವರ್ಷ. ಗುಲೇಸರ್, ಹನ್ನೊಂದು ತಿಂಗಳು. ಅವಳು ಇನ್ನೂ ನಿಂತ್ಕೊಳ್ಳೋಕೆ ಕಲೀತಿದ್ಲು. ಇವರನ್ನ ಹೂತು ಬಂದೋಳು ಕ್ಷಮಿಸಿದೆ ಅಂದ್ರೆ ಅದು ಹಾಡು. ನೀವು ಅಂದ್ರೆ ಅದೇನು? ನಿಮಗೆ ಯಾರು ಏನು ಮಾಡಿದ್ರು? ಗಾಡಿ ನೀವೇ ಓಡಿಸಿದ್ದು, ನೀವೇ ಬಿದ್ದಿದ್ದು!"

ಕೊರ್ಹಾನ್ ಕುರ್ಚಿಯ ಮೇಲೆ ಕುಸಿದ. ಈ ಸಲ ಅವನ ಕಣ್ಣಲ್ಲಿ ನೀರು ಬರಲಿಲ್ಲ. ಸೆನೆಮ್ ಕಾಯಲಿಲ್ಲ.

ಅಂದಿನಿಂದ ಅವನು ಆ ಹಾಡನ್ನು ಎಲ್ಲಿಯೂ ಹಾಡಲಿಲ್ಲ. ಅಭಿಮಾನಿಗಳು ಎಷ್ಟು ಕೂಗಿದರೂ ಇಲ್ಲ. ಸೆನೆಮ್‌ಗೆ ಇದರಿಂದ ಒಂದಿಷ್ಟಾದರೂ ನೆಮ್ಮದಿ ಸಿಗಬಹುದಿತ್ತು. ಆದರೆ ಅವನು ಯಾಕೆ ಹಾಡುವುದಿಲ್ಲ ಎಂದು ಹೇಳಲಿಲ್ಲ. ಹಾಗಾಗಿ ಪತ್ರಿಕೆಗಳೇ ಹೇಳಿದವು: ಅಷ್ಟು ಪವಿತ್ರವಾದ ಹಾಡಿಗೆ ತಾನು ಯೋಗ್ಯನಲ್ಲವೆಂಬ ವಿನಯವಂತೆ. ರೆಕಾರ್ಡು ಇನ್ನೂ ಹೆಚ್ಚು ಖರ್ಚಾಯಿತು. ಸೆನೆಮ್ ಮೂರು ಪತ್ರಿಕೆಗಳಿಗೆ ಕಾಗದ ಬರೆದಳು. ಎರಡರಿಂದ ಉತ್ತರವಿಲ್ಲ. ಮೂರನೆಯದು, 'ಪ್ರಚಾರ ಬಯಸುವ ಕೋರಸ್ ಗಾಯಕಿಯೊಬ್ಬಳ ವಿಚಿತ್ರ ವಾದ' ಎಂದು ನಾಲ್ಕು ಸಾಲು ಹಾಕಿತು.

ಆ ನಾಲ್ಕು ಸಾಲನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ನಿಶಾನ್ ಉಸ್ತಾ ಒಂದು ದಿನ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. ಬೆಸ್ನಾ ಅವರಿಗೆ ಮಜ್ಜಿಗೆ ಕೊಟ್ಟಳು.

"ಬರೋ ಭಾನುವಾರ ಬೆಳಿಗ್ಗೆ ಸ್ಟುಡಿಯೋ ಖಾಲಿ ಇರುತ್ತೆ" ಎಂದರು. "ಅನಾ ಬಂದು ಹಾಡ್ಲಿ. ನಾನು ಹಿಡಿದು ಕೊಡ್ತೀನಿ. ರೆಕಾರ್ಡು ಒತ್ತಿ ಕೊಡೋಕೆ ಒಬ್ಬ ಚಿಕ್ಕ ಕಂಪನಿಯವನಿದಾನೆ, ನನ್ನ ಮಾತು ಕೇಳ್ತಾನೆ."

"ಯಾಕೆ ಉಸ್ತಾ? ನಿಮಗ್ಯಾಕೆ ಈ ತಾಪತ್ರಯ?" ಎಂದಳು ಸೆನೆಮ್.

"ಆ ಟೇಪನ್ನ ಕತ್ತರಿಸಿದ ಕೈ ನಂದೇ ಮಗಳೇ. ಮುಮ್ತಾಜ್ ಹೇಳ್ದ, ನಾನು ಬ್ಲೇಡು ತಗೊಂಡೆ." ಮುದುಕ ಲೋಟ ಕೆಳಗಿಟ್ಟರು. "ನಮ್ಮಜ್ಜಿ ಹಾಡ್ತಿದ್ದ ಎಷ್ಟೋ ಹಾಡಿಗೆ ಈಗ ಬೇರೆಯವರ ಹೆಸರಿದೆ. ರೇಡಿಯೋದಲ್ಲಿ ಬಂದಾಗ ಎದ್ದು ಹೋಗ್ತೀನಿ. ಎದ್ದು ಹೋಗೋದು ಬಿಟ್ಟು ಇನ್ನೇನೂ ಮಾಡಿಲ್ಲ ಇಷ್ಟು ವರ್ಷ."

ಸೆನೆಮ್ ಆ ಲೋಟ ಎತ್ತಿಕೊಂಡು ಮತ್ತೆ ಮಜ್ಜಿಗೆ ತುಂಬಿಸಿದಳು. ಅವರ ಮೇಲೂ ಸಿಟ್ಟು ಬಂದಿತ್ತು ಅವಳಿಗೆ, ಆದರೆ ಇದುವರೆಗೆ ತಪ್ಪು ನನ್ನದು ಎಂದವರು ಇವರೊಬ್ಬರೇ.

ಭಾನುವಾರ ಬೆಸ್ನಾ ಮೈಕಿನ ಮುಂದೆ ಕಾಲು ಮಡಚಿ ನೆಲದ ಮೇಲೆ ಕೂತಳು. ಸೆನೆಮ್ ತಂದೆಯ ಹಳೆಯ ಸಾಜ್ ಹಿಡಿದು ಪಕ್ಕದಲ್ಲಿ.

"ಇದಕ್ಕೂ ಕತ್ತರಿ ಇದೆಯಾ?" ಎಂದು ಬೆಸ್ನಾ ಮೈಕನ್ನು ತೋರಿಸಿ ಕೇಳಿದಳು.

"ಕತ್ತರಿ ನನ್ನ ಜೇಬಲ್ಲಿದೆ ಅನಾ. ಜೇಬಿಗೆ ಗುಂಡಿ ಹಾಕಿದೀನಿ."

ಅವಳು ಅವಸರ ಮಾಡಲಿಲ್ಲ. ನುಡಿ ನುಡಿಗೂ ನಡುವೆ ಸಾಜ್ ತನ್ನ ಪಾಡಿಗೆ ನಡೆಯಲು ಬಿಟ್ಟಳು. ಏಳು ನಿಮಿಷ. ಹಲ್ಲಿಲ್ಲದ ಬಾಯಿಯಲ್ಲಿ ಅಕ್ಷರಗಳು ಅಲ್ಲಲ್ಲಿ ಜಾರಿದವು, ದನಿ ಎರಡು ಕಡೆ ಒಡೆಯಿತು. ನಿಶಾನ್ ಉಸ್ತಾ ಎಲ್ಲವನ್ನೂ ಹಾಗೆಯೇ ಉಳಿಸಿದರು. ರೆಕಾರ್ಡಿನ ಒಂದು ಬದಿಗೆ ಎರಡು ನುಡಿ, ತಿರುಗಿಸಿ ಹಾಕಿದರೆ ಮೂರನೆಯದು. ಚೀಟಿಯ ಮೇಲೆ 'ಕಟ್ಟಿದವರು, ಹಾಡಿದವರು: ಬೆಸ್ನಾ ಅನಾ'.

ಅದು ಬೆಸ್ನಾಳ ಊರಿನ ಕಡೆಯ ಸಿವಾಸಿನ ಬಸ್ಸುಗಳು ಹೊರಡುವ ನಿಲ್ದಾಣದ ಗೂಡಂಗಡಿಗಳಲ್ಲಿ ಒಂದಷ್ಟು ಹೋಯಿತು. ಜರ್ಮನಿಯಿಂದ ಸೆನೆಮ್‌ಳ ಗಂಡ, ಕಾರ್ಖಾನೆಯ ವಸತಿಯಲ್ಲಿ ಊರಿನವರೆಲ್ಲ ಕೂತು ಕೇಳಿದೆವು, ಯಾರೂ ಊಟ ಮಾಡಲಿಲ್ಲ ಎಂದು ಬರೆದ. ಬೆಸ್ನಾಳಿಗೆ ಅಷ್ಟು ಸಾಕಾಯಿತು. ಕೊನೆಯ ನುಡಿ ತಲುಪಬೇಕಾದಲ್ಲಿಗೆ ತಲುಪಿತು ಎಂದು ಅವಳು ಮತ್ತೆ ಆ ಮಾತೆತ್ತಲಿಲ್ಲ.

ಮಗಳಿಗೆ ಸಾಕಾಗಲಿಲ್ಲ. ಅಕ್ಟೋಬರಿನಲ್ಲಿ ಒಂದು ದಿನ ಸಂತೆ ಮುಗಿಸಿ ಬರುವಾಗ ರೆಕಾರ್ಡಿನ ಅಂಗಡಿಯೊಂದರಿಂದ ತಾಯಿಯ ದನಿ ಕೇಳಿ ಒಳಗೆ ಹೋದಳು. ಕಾಲೇಜಿನ ಹುಡುಗಿಯೊಬ್ಬಳಿಗಾಗಿ ಅಂಗಡಿಯವನು ಅದನ್ನು ಹಾಕಿದ್ದ. ಹುಡುಗಿ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು. ಅಂಗಡಿಯವನು ರೆಕಾರ್ಡು ತಿರುಗಿಸಿ ಹಾಕಿದ. ಅಂಕಿತ ಬಂತು.

"ಅಯ್ಯೋ, ನೋಡಿ!" ಹುಡುಗಿ ನಕ್ಕುಬಿಟ್ಟಳು. "ಕೊರ್ಹಾನ್ ಹಾಡನ್ನ ಕದ್ದು ಹಾಡಿದ್ದಲ್ದೆ, ತನ್ನ ಹೆಸರು ಬೇರೆ ಸೇರಿಸ್ಕೊಂಡಿದಾಳೆ ಈ ಮುದುಕಿ!"

ಸೆನೆಮ್ ಈರುಳ್ಳಿ ಚೀಲವನ್ನು ಅಂಗಡಿಯ ಕಟ್ಟೆಯ ಮೇಲೆ ಧಡ್ಡನೆ ಇಟ್ಟಳು.

"ಏನಂದೆ ಮಗಳೇ? ಇನ್ನೊಂದ್ಸಲ ಹೇಳು."

ಹುಡುಗಿ ಗಾಬರಿಯಾದಳು. ಸೆನೆಮ್ ಮೊದಲಿನಿಂದ ಹೇಳತೊಡಗಿದಳು. ಗಂಟಲಮಾರಿಯ ಚಳಿಗಾಲ, ಎರಡು ವರ್ಷದ ಮೌನ, ಒಂಬತ್ತು ದಿನದ ಪಾಠ. ದನಿ ಏರಿತು, ದಾರಿಯವರು ಬಾಗಿಲಲ್ಲಿ ನಿಂತರು. ಹುಡುಗಿ ನಡುವೆಯೇ ಗಡಿಯಾರ ನೋಡಿಕೊಂಡು, "ನಿಮ್ಮ ಹತ್ರ ಸಾಕ್ಷಿ ಏನಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು. ಸೆನೆಮ್ ಬಾಗಿಲ ತನಕ ಹಿಂದೆಯೇ ಹೋಗಿ, ಜನರ ನಡುವೆ ಅವಳ ಕೆಂಪು ಕೋಟು ಮರೆಯಾಗುವವರೆಗೆ ನೋಡುತ್ತ ನಿಂತಳು. ಆಮೇಲೆ ಒಳಗೆ ತಿರುಗಿ ಅಂಗಡಿಯವನತ್ತ ಬೆರಳು ಮಾಡಿದಳು.

"ನೀನೂ ಅರ್ಧ ಕೇಳಿದೀಯ. ಸ್ಟೂಲು ಹಾಕು."

ಅಂಗಡಿಯವನು ಸ್ಟೂಲು ಹಾಕಿದ.